ಕಪಿಲೆ ಸೋರುವುದಿಲ್ಲ

ಹಕ್ಲುಕೊಪ್ಪ, ಹೊಸನಗರ ತಾಲ್ಲೂಕು
೨ ಏಪ್ರಿಲ್ ೨೦೨೫

ಗಣಪಯ್ಯ ಮಾವನಿಗೆ ವಂದನಾ ಮಾಡುವ ನಮಸ್ಕಾರ.

ನಾನು ಕ್ಷೇಮ, ಕಪಿಲೆಯೂ ಕ್ಷೇಮ. ನೀವು ಮೊದಲು ಹುಡುಕುವುದು ಕಪಿಲೆಯ ಹೆಸರನ್ನೇ ಎಂದು ಗೊತ್ತಿದ್ದೂ ನನ್ನ ಹೆಸರನ್ನು ಮುಂದೆ ಬರೆದೆ, ಕ್ಷಮಿಸಿ. ಪೌರೋಹಿತ್ಯಕ್ಕೆಂದು ಮೂವತ್ತು ವರ್ಷ ಓಡಿಸಿದ ಈ ಬೈಕನ್ನು, ಮಂಡಿ ನೋವು ಬಂತೆಂದು, ಮಗ ಮಯೂರ ಭಾವನಿಗೂ ಕೊಡದೆ ತಂಗಿಯ ಮಗಳಾದ ನನಗೆ ಕೊಟ್ಟಿರಿ. ಅದು ಬಂದ ಮೇಲೆ ಈ ದನದ ಆಸ್ಪತ್ರೆಯ ಪಶು ಪರೀಕ್ಷಕಿಗೆ ಹಿನ್ನೀರಿನ ಆಚೆ ದಡದ ಕೊಟ್ಟಿಗೆಗಳೂ ಹತ್ತಿರವಾಗಿವೆ. ದನದ ಹೆಸರಿಟ್ಟುಕೊಂಡ ಬೈಕಿನಲ್ಲಿ ದನದ ಡಾಕ್ಟರು ಬರುತ್ತಾಳೆಂದು ಊರವರಿಗೆ ತಮಾಷೆ.

ಫೋನ್ ಮಾಡದೆ ಕಾಗದ ಯಾಕೆ ಎಂದು ಕೇಳಬೇಡಿ. ಇಲ್ಲಿ ನೆಟ್‌ವರ್ಕ್ ಇಲ್ಲ. ಹೊಸನಗರಕ್ಕೆ ಹೋದಾಗ ಮಾಡೋಣ ಎಂದರೆ ಮಯೂರ ಭಾವ ನಿಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಮನೆಗೆಲ್ಲ ಕೇಳಿಸುತ್ತಾನೆ.

ನಿಮ್ಮಿಂದ ಒಂದು ಸಲಹೆ ಬೇಕಿತ್ತು. ನನಗಲ್ಲ, ನಮ್ಮ ಆಸ್ಪತ್ರೆಯ ಅಟೆಂಡರ್ ನಿಂಗಪ್ಪನವರಿಗೆ. ಅವರ ಬೈಕು ನಿಲ್ಲಿಸಿದಲ್ಲಿ ಎಣ್ಣೆಯ ಹನಿ ಬೀಳುತ್ತಿದೆ. ಜಾಸ್ತಿಯೇನಲ್ಲ, ಬೆಳಗ್ಗೆ ನೋಡಿದರೆ ನೆಲದ ಮೇಲೆ ಎಂಟಾಣೆ ಅಗಲದ ಕಪ್ಪು ಕಲೆ. ಎಲ್ಲಿಂದ ಸೋರುತ್ತಿದೆ ಎಂದು ಕಂಡುಹಿಡಿಯುವುದು ಹೇಗೆ? ಪಾಪ, ತುಂಬ ತಲೆಕೆಡಿಸಿಕೊಂಡಿದ್ದಾರೆ.

ಅತ್ತೆಗೆ ನಮಸ್ಕಾರ ಹೇಳಿ.

ವಂದನಾ


ಸಾಗರ
೭ ಏಪ್ರಿಲ್ ೨೦೨೫

ಚಿ. ವಂದನಾಳಿಗೆ ಮಾವನ ಆಶೀರ್ವಾದ.

ನಿನ್ನ ಕಾಗದ ಬಂತು. ಕಪಿಲೆ ಕ್ಷೇಮ ಎಂಬಲ್ಲಿಯವರೆಗೆ ಓದಿ, ಕನ್ನಡಕ ತೆಗೆದಿಟ್ಟು ಕಾಫಿ ಕುಡಿದೆ. ಉಳಿದದ್ದನ್ನು ಊಟವಾದ ಮೇಲೆ ಓದಿದೆ.

ಈ ನಿಂಗಪ್ಪನಂಥವರಿಗೆಲ್ಲ ಗಾಡಿ ಯಾಕೆ ಬೇಕು? ಗಾಡಿ ಸೋರುತ್ತಿದೆ ಎಂದರೆ ಸವಾರನಿಗೆ ಶಿಸ್ತಿಲ್ಲ ಎಂದರ್ಥ. ಕಪಿಲೆಯನ್ನು ಇಷ್ಟು ವರ್ಷ ಓಡಿಸಿದೆ, ಇಂಜಿನ್ನಿಗೆ ಬೋಲ್ಟು ಬಿಚ್ಚುವ ಒಂದು ಪಾನಾ ತಾಗಿಸಿದವನಲ್ಲ. ನನ್ನ ಪಂಚೆಯ ಅಂಚಿಗೆ ದೇವರ ದೀಪದ ಎಣ್ಣೆ ತಾಗಿದ್ದುಂಟು, ಗಾಡಿಯ ಎಣ್ಣೆ ತಾಗಿದ್ದಿಲ್ಲ. ಬೇಕಾದರೆ ನಿನ್ನ ಅತ್ತೆಯನ್ನೇ ಕೇಳು.

ಆದರೂ ಕೇಳಿದ್ದೀಯ, ಹೇಳುತ್ತೇನೆ. ಹನಿ ಬಿದ್ದ ಜಾಗ ನೋಡಿ ಮೋಸ ಹೋಗಬಾರದು. ಎಣ್ಣೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹರಿಯುತ್ತದೆ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಎಲ್ಲಿ ಒದ್ದೆಯಿದೆಯೋ ಅಲ್ಲಿ ಮೂಲ. ಅದು ಕಾಣಬೇಕಾದರೆ ಮೊದಲು ಇಂಜಿನ್ ಚೊಕ್ಕಟವಾಗಬೇಕು. ಹಳೇ ಹಲ್ಲುಜ್ಜುವ ಬ್ರಶ್ಶನ್ನು ಸೀಮೆಎಣ್ಣೆಗೋ ಡೀಸೆಲ್ಲಿಗೋ ಅದ್ದಿ, ಒಂದು ಸಂದಿಯನ್ನೂ ಬಿಡದೆ ಉಜ್ಜಲು ಹೇಳು. ಒರೆಸಿ ಒಣಗಿಸಿ, ಮೇಲಿಂದ ತೆಳುವಾಗಿ ಪೌಡರ್ ಉದುರಿಸಬೇಕು. ಅವನು ತನ್ನ ಮುಖಕ್ಕೆ ಹಚ್ಚಿಕೊಂಡಾನು, ಇಂಜಿನ್ನಿಗೆ ಎಂದು ಬಿಡಿಸಿ ಹೇಳು. ಆಮೇಲೆ ಒಂದು ಸುತ್ತು ಓಡಿಸಿ ಬಂದರೆ ಬಿಳಿ ಪೌಡರಿನ ಮೇಲೆ ಎಣ್ಣೆ ತಾನೇ ಗೆರೆ ಎಳೆದು ತೋರಿಸುತ್ತದೆ.

ಮೇ ಒಂಬತ್ತಕ್ಕೆ ತೀರ್ಥಹಳ್ಳಿಯಲ್ಲಿ ನಿನ್ನ ಸೌಜನ್ಯತ್ತಿಗೆಯ ಹೊಸ ಮನೆಯ ಗೃಹಪ್ರವೇಶ. ಮಗಳ ಮನೆಯೆಂದು ಪೂಜೆಗೆ ನಾನೇ ಕೂರುತ್ತೇನೆ. ಅಂಗಳಕ್ಕೆ ಬಿಳಿ ಟೈಲ್ಸ್ ಹಾಕಿಸಿದ್ದಾಳೆ, ಕಣ್ಣು ಕುಕ್ಕುತ್ತದೆ. ಕಪಿಲೆಯಲ್ಲೇ ಬಾ. ಎಲ್ಲರೂ ನೋಡಲಿ. ಗಾಡಿ ಕೊಟ್ಟ ದಿನ ನಾನು ಎಲ್ಲರ ಎದುರಿಗೆ ಆಡಿದ ಮಾತು ನೆನಪಿದೆಯಲ್ಲ? ಕಪಿಲೆಯಿಂದ ಒಂದು ಹನಿ ನೆಲಕ್ಕೆ ಬಿದ್ದರೂ ಅದು ನೋಡಿಕೊಳ್ಳುವವರ ತಪ್ಪು, ಅವತ್ತೇ ಗಾಡಿ ಮಯೂರನಿಗೆ. ಅವನು ತನ್ನ ಹೋಂಸ್ಟೇ ಬಾಗಿಲಲ್ಲಿ ಅದನ್ನು ನಿಲ್ಲಿಸಿ, ಸೀಟಿನ ಮೇಲೆ ದಾಸವಾಳದ ಕುಂಡ ಇಟ್ಟು, ಹ್ಯಾಂಡಲಿಗೆ ‘ಸುಸ್ವಾಗತ’ ಬೋರ್ಡು ತೂಗುಹಾಕಲು ಕಾಯುತ್ತಿದ್ದಾನೆ. ನೀನು ಆ ಅವಕಾಶ ಕೊಡುವವಳಲ್ಲ.

ಗಣಪಯ್ಯ


ಹಕ್ಲುಕೊಪ್ಪ
೧೩ ಏಪ್ರಿಲ್ ೨೦೨೫

ಮಾವನಿಗೆ ನಮಸ್ಕಾರ.

ನೀವು ಹೇಳಿದ ಹಾಗೇ ಮಾಡಿದೆವು. ಅಂದರೆ ನಿಂಗಪ್ಪನವರು ಮಾಡಿದರು, ನಾನು ಪಕ್ಕದಲ್ಲಿ ನಿಂತು ನೋಡಿದೆ. ಮುಖದ ಪೌಡರ್ ಇರಲಿಲ್ಲ, ದನದ ಗಾಯಕ್ಕೆ ಹಾಕುವ ಬೋರಿಕ್ ಪೌಡರ್ ಆಸ್ಪತ್ರೆಯಲ್ಲಿ ಬೇಕಾದಷ್ಟಿತ್ತು.

ಉಜ್ಜುವಾಗ ಒಂದು ವಿಚಿತ್ರ ಕಂಡಿತು. ಕಿಕ್ಕರಿನ ಬದಿಗೆ ಅಗಲವಾದ ಮುಚ್ಚಳ ಇದೆಯಲ್ಲ, ಅದರ ಕೆಳಗಿನ ಸಂದಿಗುಂಟ ಕಪ್ಪಗೆ ಏನೋ ಅಂಟಿಕೊಂಡಿತ್ತು. ಒಂದರ ಮೇಲೊಂದು ಪದರ, ಬೆರಳ ಗುರುತು ಸಮೇತ. ವರ್ಷಗಟ್ಟಲೆಯ ಕೊಳೆ ಎಂದು ಬೈದುಕೊಂಡು ಸೀಮೆಎಣ್ಣೆ ಹಾಕಿ ಪೂರ್ತಿ ಕೆರೆದು ತೆಗೆದೆ. ತೆಗೆದರು. ಇಂಜಿನ್ ಹೊಸ ಪಾತ್ರೆಯ ಹಾಗೆ ಹೊಳೆಯಿತು.

ಪೌಡರ್ ಹಾಕಿ ಕೆರೆ ಏರಿಯವರೆಗೆ ಹೋಗಿ ಬಂದು ನೋಡಿದರೆ ಗೆರೆಯಲ್ಲ ಮಾವ, ಕಾಲುವೆ! ಮೊದಲು ಹನಿ ಬೀಳುತ್ತಿತ್ತು, ಈಗ ಧಾರೆ. ಕೆಳಗೆ ಬೋಗುಣಿ ಇಡಬೇಕಾಗಿದೆ. ನೀವು ಹೇಳಿದ್ದೇ ತಪ್ಪೋ, ಮಾಡಿದ್ದೇ ತಪ್ಪೋ ತಿಳಿಯುತ್ತಿಲ್ಲ.

ನಿಮ್ಮ ಕಾಗದದಲ್ಲಿ ನಿಂಗಪ್ಪನವರನ್ನು ಬೈದದ್ದನ್ನು ನಾನು ಓದಿಕೊಂಡು ನಗುವಾಗ ಅವರು ಕೇಳಿಸಿಕೊಂಡರು. “ನಂಗೆ ಸೈಕಲ್ ಬ್ಯಾಲೆನ್ಸೇ ಬರಲ್ಲ ಮೇಡಂ, ನಾನ್ಯಾಕೆ ಬೈಸ್ಕಳ್ಬೇಕು?” ಎಂದು ಮುಖ ಊದಿಸಿಕೊಂಡಿದ್ದಾರೆ. ಅವರು ತಮಾಷೆಗೆ ಹಾಗೆಲ್ಲ ಮಾತಾಡುತ್ತಾರೆ, ನೀವು ತಲೆಗೆ ಹಚ್ಚಿಕೊಳ್ಳಬೇಡಿ.

ಬೇಗ ಉತ್ತರ ಬರೆಯಿರಿ. ಬಹಳ ಬೇಗ.

ವಂದನಾ


ಸಾಗರ
೧೭ ಏಪ್ರಿಲ್ ೨೦೨೫

ಚಿ. ವಂದನಾಳಿಗೆ ಆಶೀರ್ವಾದ.

ಆ ಮೇಣವನ್ನು ಯಾಕೆ ತೆಗೆದದ್ದು? ಯಾರು ತೆಗೆಯಲು ಹೇಳಿದ್ದು?

ಮೇಣ ಎಂದೆ. ಮೇಣವೋ ಮತ್ತೊಂದೋ, ನೋಡದೆ ನಾನು ಹೇಗೆ ಹೇಳಲಿ. ನೀನು ಬರೆದದ್ದರ ಮೇಲೆ ಹಾಗನ್ನಿಸಿತು. ಬಿಂದಿಗೆಯ ತೂತು ಮುಚ್ಚುವ ಹಾಗೆ ಕೆಲವರು ಇಂಜಿನ್ನಿನ ಸಂದಿಗೂ ಹಲಸಿನ ಮೇಣ ಮೆತ್ತುತ್ತಾರಂತೆ. ಕಾಯಿ ಕೊಚ್ಚುವಾಗ ಬರುವ ಮೇಣವನ್ನು ಕೋಲಿಗೆ ಸುತ್ತಿ, ಕೆಂಡದ ಮೇಲೆ ಹಿಡಿದು, ಬಿಸಿಯಿರುವಾಗಲೇ ಹೆಬ್ಬೆರಳಿಗೆ ನೀರು ಮುಟ್ಟಿಸಿಕೊಂಡು ಒತ್ತಬೇಕಂತೆ. ಒತ್ತುವಾಗ ಹಿಂದಿನಿಂದ ಮುಂದಕ್ಕೆ ಬರಬೇಕಂತೆ, ಇಲ್ಲದಿದ್ದರೆ ನಿಲ್ಲುವುದಿಲ್ಲವಂತೆ. ಸರಿಯಾಗಿ ಒತ್ತಿದರೆ ಒಂದು ಹಲಸಿನ ಕಾಲದಿಂದ ಇನ್ನೊಂದು ಹಲಸಿನ ಕಾಲದವರೆಗೆ ಚಿಂತೆಯಿಲ್ಲವಂತೆ. ಎಲ್ಲೋ ಕೇಳಿದ್ದು. ನಿಂಗಪ್ಪ ಬೇಕಾದರೆ ಮಾಡಿ ನೋಡಲಿ. ಆದಷ್ಟು ಬೇಗ ನೋಡಲಿ.

ಇಲ್ಲಿ ನಿನ್ನ ಅತ್ತೆ ಹಪ್ಪಳದ ಸಿದ್ಧತೆಯಲ್ಲಿದ್ದಾಳೆ. “ಹಲಸಿನಕಾಯಿ ಬಂದು ಬಿದ್ದಿದ್ದು, ಈ ವರ್ಷ ಎಂತಕ್ಕೆ ಮುಟ್ತಿಲ್ಲೆ?” ಎಂದು ನನಗೆ ಬೈಗುಳ. ನನಗೀಗ ಹಲಸಿನಕಾಯಿಯೊಂದಿಗೆ ಏನು ಕೆಲಸ?

ಅಂದ ಹಾಗೆ, ಗೃಹಪ್ರವೇಶಕ್ಕೆ ನೀನು ಬಸ್ಸಿನಲ್ಲೇ ಬಾ. ಬಿಸಿಲು ಜಾಸ್ತಿ. ಕಪಿಲೆ ಅಲ್ಲೇ ನೆರಳಲ್ಲಿ ಇರಲಿ. ಯಾರಾದರೂ ಕೇಳಿದರೆ ನಾನು ಉತ್ತರ ಹೇಳಿಕೊಳ್ಳುತ್ತೇನೆ.

ಗಣಪಯ್ಯ


ಹಕ್ಲುಕೊಪ್ಪ
೨೨ ಏಪ್ರಿಲ್ ೨೦೨೫

ಮಾವನಿಗೆ,

ಬಸ್ಸಿನಲ್ಲಿ ಬಾ ಎಂದರೆ ಏನರ್ಥ? ಕಪಿಲೆಯಲ್ಲೇ ಬಾ, ಎಲ್ಲರೂ ನೋಡಲಿ ಎಂದು ಬರೆದವರು ನೀವೇ. ಹತ್ತು ದಿನದಲ್ಲಿ ಬಿಸಿಲು ಅಷ್ಟು ಏರಿತೇ? ನನಗೆ ಅರ್ಥವಾಗುತ್ತದೆ. ಮಯೂರ ಭಾವ ನಿಮ್ಮ ಕಿವಿ ಚುಚ್ಚಿದ್ದಾನೆ. ನಾನು ಬಸ್ಸಿನಲ್ಲಿ ಬಂದರೆ, “ನೋಡಿದ್ಯಾ, ಗಾಡಿ ಹಾಳು ಮಾಡಿದ್ದು, ಅದ್ಕೇ ತಂದಿದ್ದಿಲ್ಲೆ” ಎಂದು ನೆಂಟರೆದುರು ಹೇಳುತ್ತಾನೆ. ಆಮೇಲೆ ಪಿಕಪ್ ತಂದು ಕಪಿಲೆಯನ್ನು ಹೇರಿಕೊಂಡು ಹೋಗುವುದೊಂದೇ ಬಾಕಿ. ಕೊಟ್ಟದ್ದನ್ನು ವಾಪಸ್ ತಗೊಳ್ಳುವ ಮನಸ್ಸಿದ್ದರೆ ನೇರವಾಗಿ ಹೇಳಿಬಿಡಿ.

ನಿಮಗೆ ಇಲ್ಲಿನ ಪರಿಸ್ಥಿತಿ ಗೊತ್ತಿಲ್ಲ. ಈ ಊರಿಗೆ ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು. ಮೊನ್ನೆ ಮಧ್ಯಾಹ್ನ ಹಿನ್ನೀರಿನ ಆಚೆಯಿಂದ ಹೇಳಿಕೆ ಬಂತು, ಕೆರಿಯಮ್ಮನ ಹಸುವಿಗೆ ಕರು ಅಡ್ಡ ಸಿಕ್ಕಿದೆ ಎಂದು. ಕಪಿಲೆಗೆ ಎಣ್ಣೆ ತುಂಬಿಸಿಕೊಂಡು, ಇನ್ನೊಂದು ಬಾಟಲಿ ಬ್ಯಾಗಿನಲ್ಲಿಟ್ಟುಕೊಂಡು ಹೋದೆ. ದಾರಿಯಲ್ಲಿ ನಿಲ್ಲಿಸಿ ಎರಡು ಸಲ ಅಳತೆ ಕಡ್ಡಿ ಎಳೆದು ನೋಡಿದೆ. ಕರುವಿನ ಮುಂಗಾಲು ಮಡಚಿಕೊಂಡಿತ್ತು, ಕೈ ಹಾಕಿ ತಿರುಗಿಸಿ ತೆಗೆಯುವಷ್ಟರಲ್ಲಿ ನನ್ನ ತೋಳೇ ಬಿದ್ದುಹೋಯಿತು. ತಾಯಿ, ಕರು ಎರಡೂ ಉಳಿದವು. ಕೆರಿಯಮ್ಮ ಕೈ ಹಿಡಿದುಕೊಂಡು, “ಗಾಡಿ ಸದ್ದು ಕೇಳ್ತು ನೋಡಿ, ಆಗ್ಲೇ ನಂಗೆ ಜೀವ ಬಂತು ಅಮ್ಮಾ” ಎಂದಳು. ವಾಪಸ್ ಬರುವಾಗ ಅತ್ತುಬಿಟ್ಟೆ. ಆ ಸದ್ದು ಹೋಂಸ್ಟೇ ಬಾಗಿಲಲ್ಲಿ ದಾಸವಾಳದ ಕುಂಡ ಹೊತ್ತು ಸುಮ್ಮನೆ ನಿಲ್ಲುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ನಾನು ಕಪಿಲೆಯಲ್ಲೇ ಬರುತ್ತೇನೆ. ಟೈಲ್ಸ್ ಬಿಳಿಯಿರಲಿ ಕಪ್ಪಿರಲಿ.

ವಂದನಾ

ನಿಂಗಪ್ಪನವರು ಮೇಣ ಮೆತ್ತಿದರು. ಕೈಗೆ, ಗಡ್ಡಕ್ಕೆ, ಆಸ್ಪತ್ರೆಯ ಬಾಗಿಲ ಚಿಲಕಕ್ಕೆ ಎಲ್ಲ ಚೆನ್ನಾಗಿ ಹಿಡಿಯಿತು. ಇಂಜಿನ್ನಿಗೆ ಮಾತ್ರ ಹಿಡಿಯಲಿಲ್ಲ.


ಸಾಗರ
೨೭ ಏಪ್ರಿಲ್ ೨೦೨೫

ವಂದನಾ,

ನಿನ್ನ ಕಾಗದ ಓದಿ ಮಂಡಿನೋವು ಮರೆತು ಎದ್ದು ಅಂಗಳದಲ್ಲೆಲ್ಲ ಓಡಾಡಿದೆ. ಹುಚ್ಚು ಹುಡುಗಿ, ಕೊಟ್ಟ ಗೋದಾನವನ್ನು ಯಾವ ಪುರೋಹಿತ ವಾಪಸ್ ಕೇಳುತ್ತಾನೆ? ಮಯೂರನಿಗೂ ಇದಕ್ಕೂ ಸಂಬಂಧವಿಲ್ಲ. ಬಸ್ಸಿನಲ್ಲಿ ಬಾ ಎಂದದ್ದಕ್ಕೆ ಬೇರೆ ಕಾರಣವಿತ್ತು. ಅದನ್ನು ಕಾಗದದಲ್ಲಿ ಬರೆಯಲಾಗುವುದಿಲ್ಲ. ಆಡಿದ ಮಾತಿಗೆ ಎಲ್ಲರೂ ಸಾಕ್ಷಿಯಿದ್ದಾರೆ, ಹನಿ ಬಿದ್ದರೆ ನಾನೇ ಏನೂ ಮಾಡುವ ಹಾಗಿಲ್ಲ. ಅಷ್ಟು ತಿಳಿದುಕೊ.

ಮೇಣದ ಮಾತು ಬಿಡು. ನಿಂಗಪ್ಪನ ಗಾಡಿಗೆ ಆಗಬೇಕಾದದ್ದು ಆ ಮುಚ್ಚಳದ ಒಳಗಿನ ಗ್ಯಾಸ್ಕೆಟ್, ಕಾಗದದ ಹಾಗಿರುತ್ತದೆ. ಹಳೆಯದು ಒಣಗಿ ಸೀಳಿರುತ್ತದೆ, ಹೊಸದು ಹಾಕಿದರೆ ಮುಗಿಯಿತು. ಇಷ್ಟು ಸಣ್ಣ ಕೆಲಸಕ್ಕೆ ಜನ ಹೆದರುತ್ತಾರೆ. ಯಾಕೆಂದರೆ ಬಿಚ್ಚಿದ್ದನ್ನು ಮತ್ತೆ ಮುಚ್ಚಲಾಗದಿದ್ದರೆ ಎಂಬ ಭಯ. ನಾನು ಹೇಳುವ ಹಾಗೆ ಮಾಡಿದರೆ ಭಯವಿಲ್ಲ.

ಮೊದಲು ಎಣ್ಣೆಯನ್ನು ಪೂರ್ತಿ ಇಳಿಸು. ಕಿಕ್ಕರ್ ಕಳಚು. ಬೋಲ್ಟುಗಳು ಎಲ್ಲ ಒಂದೇ ಉದ್ದ ಇರುವುದಿಲ್ಲ, ಅದಲುಬದಲಾದರೆ ಕೆಟ್ಟಿತು. ಒಂದು ತುಂಡು ಬಾಳೆದಿಂಡು ಇಟ್ಟುಕೊಂಡು, ಊದುಬತ್ತಿ ಚುಚ್ಚುವ ಹಾಗೆ, ಯಾವುದು ಎಲ್ಲಿತ್ತೋ ಅದೇ ಕ್ರಮದಲ್ಲಿ ಚುಚ್ಚಿಡು. ಮುಚ್ಚಳವನ್ನು ಸ್ಕ್ರೂಡ್ರೈವರ್ ಹಾಕಿ ಮೀಟಬಾರದು, ಮರದ ಕೊಡತಿಯಲ್ಲಿ ಮೆಲ್ಲಗೆ ತಟ್ಟಬೇಕು. ಹಳೇ ಗ್ಯಾಸ್ಕೆಟ್ಟಿನ ಚೂರನ್ನು ಬಿದಿರ ಚಕ್ಕೆಯಿಂದ ಕೆರೆ. ಹೊಸದನ್ನು ಕೂರಿಸಿ ಬೋಲ್ಟು ಬಿಗಿಯುವಾಗ ಒಂದನ್ನು ಬಿಗಿದು ಪಕ್ಕದ್ದಕ್ಕೆ ಹೋಗಬಾರದು, ಎದುರಿನದಕ್ಕೆ ಹೋಗಬೇಕು. ಎರಡು ಸುತ್ತಿನಲ್ಲಿ ಬಿಗಿ. ಸಿಟ್ಟು ಬಂದಾಗ ಬಿಗಿಯಬೇಡ, ಅಲ್ಯೂಮಿನಿಯಂ ಸೀಳುತ್ತದೆ.

ಗ್ಯಾಸ್ಕೆಟ್ ಶಿವಮೊಗ್ಗದಿಂದ ತರಿಸು. ಕೋಣಂದೂರಿನ ತಿಮ್ಮಣ್ಣನ ಅಂಗಡಿಗೆ ಮಾತ್ರ ಹೋಗಬೇಡ. ಸಾಮಾನು ಒಳ್ಳೆಯದೇ, ಆದರೆ ಬಾಯಿ ಜಾಸ್ತಿ.

ಮಾವ


ಹಕ್ಲುಕೊಪ್ಪ
೩ ಮೇ ೨೦೨೫

ಮಾವನಿಗೆ ನಮಸ್ಕಾರ. ಹಿಂದಿನ ಕಾಗದದಲ್ಲಿ ಬಾಯಿಗೆ ಬಂದದ್ದು ಬರೆದೆ, ಮನಸ್ಸಿನಲ್ಲಿಟ್ಟುಕೊಳ್ಳಬೇಡಿ.

ಶಿವಮೊಗ್ಗದಿಂದ ತರಿಸಲು ಸಮಯವಿರಲಿಲ್ಲ. ಹೊಸನಗರದಲ್ಲಿ ಕೇಳಿದರೆ ಇಷ್ಟು ಹಳೇ ಗಾಡಿಯ ಗ್ಯಾಸ್ಕೆಟ್ ಕೋಣಂದೂರಿನಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ ಎಂದರು. ಹಾಗಾಗಿ ತಿಮ್ಮಣ್ಣನ ಅಂಗಡಿಗೇ ಹೋದೆ. ಸಿಟ್ಟಾಗಬೇಡಿ.

ತಿಮ್ಮಣ್ಣ ಕೌಂಟರಿನ ಆಚೆಯಿಂದ ಕಪಿಲೆಯನ್ನು ನೋಡಿದವನೇ, “ಇದು ಸಾಗರದ ಭಟ್ರ ಗಾಡಿ ಅಲ್ವನ್ರೀ?” ಎಂದ. ಹೌದು, ನಮ್ಮ ಮಾವ ಎಂದೆ. “ಒಳ್ಳೇ ಮನುಷ್ಯ. ವರ್ಷಕ್ಕೊಂದ್ಸಲ ಬರೋರು. ಇದೇ ಗ್ಯಾಸ್ಕೆಟ್ ತೆಗ್ಸೋರು, ಬೆಳಕಿಗೆ ಹಿಡ್ದು ನೋಡೋರು. ‘ನನ್ ಗಾಡಿಗಲ್ಲಪ್ಪ, ನನ್ನ ಸ್ನೇಹಿತನ ಗಾಡಿಗೆ’ ಅನ್ನೋರು. ಹಾಕೋದು ಹೆಂಗೆ ಅಂತ ಪೂರ್ತಿ ಕೇಳ್ಕಳೋರು. ಕಡೆಗೆ ‘ಸ್ನೇಹಿತನಿಗೆ ಬಿಚ್ಚೋಕೆ ಧೈರ್ಯ ಸಾಲ್ದು’ ಅಂತ ವಾಪಸ್ ಇಟ್ಟು ಹೋಗೋರು” ಎಂದ. ಅಂಗಡಿಯೆಂದು ನೋಡದೆ ಜೋರಾಗಿ ನಕ್ಕುಬಿಟ್ಟೆ. ಆಮೇಲೆ ನಾನು, “ಒಂದು ಗ್ಯಾಸ್ಕೆಟ್ ಕೊಡಿ, ನನ್ನ ಗಾಡಿಗಲ್ಲ, ನಿಂಗಪ್ಪನವರ ಗಾಡಿಗೆ” ಎಂದೆ. ತಿಮ್ಮಣ್ಣ ಗ್ಯಾಸ್ಕೆಟ್ಟನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾ, “ನಿಮ್ ಮನೇವ್ರಿಗೆಲ್ಲ ಸ್ನೇಹಿತರು ಭಾಳ” ಎಂದ.

ನಿಮ್ಮ ಆ ಸ್ನೇಹಿತರು ಯಾರು ಮಾವ? ಪಾಪ, ಅವರ ಗಾಡಿ ಈಗ ಹೇಗಿದೆಯೋ.

ಕೆಲಸ ಮುಗಿಯಿತು. ದನಗಳನ್ನು ಅಲ್ಲಾಡದಂತೆ ನಿಲ್ಲಿಸಲು ಆಸ್ಪತ್ರೆಯೆದುರು ಕಬ್ಬಿಣದ ಚೌಕಟ್ಟು ಇದೆ, ಅದರೊಳಗೆ ಕಪಿಲೆಯನ್ನು ಹಗ್ಗ ಹಾಕಿ ಕಟ್ಟಿದೆವು. ಎಮ್ಮೆ ತಂದಿದ್ದ ಒಬ್ಬರು ಸರದಿಯಲ್ಲಿ ನಿಂತು, “ಈ ಹಸುಗೆ ಎಂತ ಆಗಿದೆ?” ಎಂದು ಕೇಳಿದರು. ಭೇದಿ ಎಂದರು ನಿಂಗಪ್ಪ. ಬಾಳೆದಿಂಡು, ಬಿದಿರ ಚಕ್ಕೆ, ಎದುರು ಬದುರು ಬಿಗಿಯುವುದು, ಎಲ್ಲವೂ ನೀವು ಹೇಳಿದ ಹಾಗೇ. ಒಂದು ವಿಷಯ ನಿಮಗೆ ಹೇಳಲೇಬೇಕು. ಒಳಗಿದ್ದದ್ದು ಕಂಪನಿಯಿಂದ ಬಂದ ಗ್ಯಾಸ್ಕೆಟ್ಟೇ. ಇಂಜಿನ್ನಿಗೆ ಪಾನಾ ತಾಗಿಸಿಲ್ಲ ಎಂದು ನೀವು ಹೇಳಿದ್ದು ಅಕ್ಷರಶಃ ನಿಜ.

ಬೋರಿಕ್ ಪೌಡರ್ ಉದುರಿಸಿಕೊಂಡು ಕೆರಿಯಮ್ಮನ ಮನೆಯವರೆಗೆ ಹೋಗಿ ಬಂದೆ. ವಿಭೂತಿ ಬಳಿದ ಹಾಗೆ ಬೆಳ್ಳಗೇ ಇತ್ತು. ಒಂಬತ್ತಕ್ಕೆ ಬರುತ್ತೇನೆ. ನಿಂಗಪ್ಪನವರ ಗಾಡಿಯಲ್ಲಿ.

ವಂದನಾ


ಸಾಗರ
೧೨ ಮೇ ೨೦೨೫

ಚಿ. ವಂದನಾಳಿಗೆ ಮಾವನ ಆಶೀರ್ವಾದ.

ನೀನು ಊಟವಾದ ಕೂಡಲೇ ಕೆಲಸವಿದೆ ಎಂದು ಹೊರಟುಬಿಟ್ಟೆ. ಆಮೇಲೆ ನಡೆದದ್ದು ನಿನಗೆ ತಿಳಿಯಬೇಕು.

ಬೆಳಗ್ಗೆಯಿಂದ ನನಗೆ ಮಂತ್ರದ ಮೇಲೆ ಮನಸ್ಸಿರಲಿಲ್ಲ. ಹೋಮದ ನಡುವೆ ಮೂರು ಸಲ ಎದ್ದು ಅಂಗಳಕ್ಕೆ ಬಂದದ್ದನ್ನು ನೀನೂ ನೋಡಿದೆ, ನೋಡದವಳ ಹಾಗೆ ಪಾನಕ ಹಂಚುತ್ತಿದ್ದೆ. ನೀನು ಹೋದ ಮೇಲೆ ಮಯೂರ ಕಪಿಲೆ ನಿಂತಿದ್ದ ಜಾಗಕ್ಕೆ ಹೋಗಿ, ಹೊಸ ಪಂಚೆಯಲ್ಲೇ ಮಂಡಿಯೂರಿ, ಮೊಬೈಲಿನ ಟಾರ್ಚ್ ಹಾಕಿದ. “ಅಪ್ಪಯ್ಯಾ, ಇಲ್ಲಿ ನೋಡು, ಸೋರಿದ್ದು!” ಎಂದು ಕೂಗಿದ. ನೆಂಟರೆಲ್ಲ ಎಲೆಯಡಿಕೆ ಬಿಟ್ಟು ಓಡಿಬಂದರು. ಬಿಳಿ ಟೈಲ್ಸಿನ ಮೇಲೆ, ಅಂಚು ಕಂದಾಗಿ ಒಣಗುತ್ತಿದ್ದ ಒದ್ದೆ ಗುರುತು. ನಾನೂ ಜನರನ್ನು ಸರಿಸಿಕೊಂಡು ಹೋಗಿ ಬಗ್ಗಿ ನೋಡಿದೆ. ನಿನ್ನ ಕೆಲಸದ ಮೇಲೆ ಅನುಮಾನ ಬಂದದ್ದಲ್ಲ, ಬೋಲ್ಟು ಬಿಗಿಯುವ ಕ್ರಮವನ್ನು ನಾನೇ ತಪ್ಪು ಹೇಳಿದೆನೋ ಎಂದು.

ಮಯೂರ ಅದರಲ್ಲಿ ಬೆರಳು ಅದ್ದಿ, ಮೂಗಿನ ಹತ್ತಿರ ಹಿಡಿದು, ಎಲ್ಲರ ಎದುರಿಗೆ ಚೆನ್ನಾಗಿ ಮೂಸಿದ. ಅಷ್ಟರಲ್ಲಿ ಸೌಜನ್ಯ ಒಳಗಿನಿಂದ ಬಂದು, “ಅಯ್ಯೋ, ಗೃಹಪ್ರವೇಶದ ಹಸೂನ ಅಲ್ಲೇ ಕಟ್ಟಿದ್ದಿತ್ತು” ಎಂದಳು. ಬಾಗಿಲಲ್ಲಿ ಮೊದಲು ಒಳಗೆ ಕರೆದೊಯ್ದ ಹಸುವನ್ನು, ಪೂಜೆಯಾದ ಮೇಲೆ, ನೆರಳಿದೆಯೆಂದು ಕಪಿಲೆಯ ಪಕ್ಕದಲ್ಲೇ ಕಟ್ಟಿದ್ದರು. ಪುಣ್ಯಾತ್ಮ ಮೂಸಿದ್ದು ಗೋಮೂತ್ರ. “ಮನೆಗೆ ನಾನು ಪ್ರೋಕ್ಷಣೆ ಮಾಡಿದ್ದೆ, ಅಂಗಳಕ್ಕೆ ಹಸುವೇ ಮಾಡಿದೆ, ಮಯೂರ ತೀರ್ಥ ತಗೊಂಡ” ಎಂದು ನಾನು ಹೇಳಿದ್ದಕ್ಕೆ ನೆಂಟರು ಸಂಜೆಯವರೆಗೂ ನಕ್ಕರು. ಅವನೂ ನಕ್ಕ. ಈಗ ಹೋಂಸ್ಟೇ ಬಾಗಿಲಿಗೆ ಕಪಿಲೆಯ ಬದಲು ಎತ್ತಿನಗಾಡಿಯ ಚಕ್ರ ಹುಡುಕುತ್ತಿದ್ದಾನೆ. ಸೋತದ್ದಕ್ಕೆ ಟೈಲ್ಸ್ ತೊಳೆದವನೂ ಅವನೇ.

ಇನ್ನು ಷರತ್ತು ಇಲ್ಲ. ಕಪಿಲೆ ನಿನ್ನದು.

ನನ್ನ ಆ ಸ್ನೇಹಿತನಿಗೆ ವಿಷಯವೆಲ್ಲ ತಿಳಿಸಿದೆ. ಇಷ್ಟು ವರ್ಷ ತನ್ನಿಂದಾಗದ್ದನ್ನು ಒಬ್ಬ ಹುಡುಗಿ ದನ ಕಟ್ಟುವ ಜಾಗದಲ್ಲಿ ಮಾಡಿದಳು ಎಂದು ಕೇಳಿ ಅವನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಬಹಳ ಸಂತೋಷವಾಯಿತು. ಹಾಗೆಂದು ನಿಂಗಪ್ಪನಿಗೆ ಹೇಳು.

ಗಣಪಯ್ಯ


ಕೂಸೇ, ನಿನ್ನ ಮಾವ ಸ್ನಾನಕ್ಕೆ ಹೋಯ್ದ. ಕಾಗದ ಅಂಟಿಸೋ ಮೊದ್ಲು ಸುಬ್ಬಲಕ್ಷ್ಮತ್ತೆ ಎರಡು ಸಾಲು ಬರೀತಿ. ಪುಸ್ತಕದ ಕನ್ನಡ ಯಂಗೆ ಬತ್ತಿಲ್ಲೆ, ಮಾತಾಡ್ದಂಗೇ ಬರೀತಿ.

ದೀಪದ ಎಣ್ಣೆ ಕಪ್ಪಗೆ ಇರ್ತಿಲ್ಲೆ ಹೇಳಿ ಯಂಗೆ ಗೊತ್ತಿಲ್ಯಾ? ಎಷ್ಟು ಪಂಚೆ ತೊಳದ್ದಿ ಆನು. ಯಾವಾಗ್ಲೂ ಬಲಗಾಲಿನ ಅಂಚೇ. ದೇವರ ದೀಪ ಬಲಗಾಲನ್ನೇ ಹುಡುಕ್ಯಂಡು ಬತ್ತಾ? ಆದ್ರೂ ಬಾಯಿ ಬಿಡ್ಲಿಲ್ಲೆ. ಎಂತಕ್ಕೆ ಹೇಳದ್ರೆ, ಕುಡಿದ ಲೋಟ ಎತ್ತಿ ಇಡದ ಮನುಷ್ಯ, ಹಲಸಿನಕಾಯಿ ಕಾಲದಲ್ಲಿ ಮಾತ್ರ ತಾನಾಗೇ ಅಡುಗೆಮನೆಗೆ ಬಂದು, ಕೈಗೆ ಎಣ್ಣೆ ಹಚ್ಚಿ, ಯನ್ನ ಎದುರು ಕೂತು ಹಪ್ಪಳಕ್ಕೆ ಕಾಯಿ ಕೊಚ್ಚಿ ಕೊಡ್ತಿದ್ದ. ಮೇಣ ಸುತ್ತಿದ ಕೋಲು ಸೊಂಟದಲ್ಲಿ ಸಿಗಿಸ್ಕ್ಯಂಡು ಓಡ್ತಿದ್ದ, ಅದೂ ಗೊತ್ತಿತ್ತು. ಕೊಚ್ಚುವಷ್ಟು ಹೊತ್ತು ಮಾತಾಡ್ತಿದ್ದ, ನಗಾಡ್ತಿದ್ದ. ಯಂಗೆ ಅದೇ ಹಬ್ಬ.

ಈ ವರ್ಷ ಕಾಯಿ ಬಿದ್ದು ಕೊಳೀತಾ ಇದ್ದು. ಅಡುಗೆಮನೆ ಬಾಗಿಲಿಗೂ ಬಂದಿದ್ದಿಲ್ಲೆ. ಗಾಡಿ ಸರಿಯಾತು, ಒಳ್ಳೇದೇ ಆತು, ಅದು ನಿನ್ನ ಹತ್ರಾನೇ ಇರ್ಲಿ. ಬಪ್ಪ ವರ್ಷ ಹಲಸಿನಕಾಯಿ ಕಾಲಕ್ಕೆ ಒಂದ್ಸಲ ಇಲ್ಲಿಗೆ ತಗಂಡು ಬಾ. ಬಪ್ಪಕಾದ್ರೆ ಆ ಬಲಬದಿಯ ಬೋಲ್ಟು ಒಂದನ್ನ ಅರ್ಧ ಸುತ್ತು ಸಡಿಲ ಮಾಡ್ಕ್ಯಂಡು ಬಾ.

ಮಾವಂಗೆ ಹೇಳಡ.